ಮಕ್ಕಳಿಗೆ ತಂತಿಯ ಒಡವೆ: ಮೊದಲು ಒಂದು ಕುಣಿಕೆ

ಮಹದೇವಪುರದಲ್ಲಿ ತಂತಿಗೆ ಬರವಿಲ್ಲ. ವಿಶ್ವೇಶ್ವರಯ್ಯ ಕೈಗಾರಿಕಾ ಪ್ರದೇಶ, ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶಗಳ ಸುತ್ತ ಮೋಟರ್, ಕೇಬಲ್, ವೈಂಡಿಂಗ್ ಎಂದು ತಾಮ್ರದ ಕೆಲಸ ನಡೆದೇ ಇರುತ್ತದೆ. ಹೂಡಿ, ಪಟ್ಟಂದೂರು ಅಗ್ರಹಾರದ ಐಟಿ ಕಟ್ಟಡಗಳ ಗೋಡೆಯಲ್ಲಿ, ಚಾವಣಿಯಲ್ಲಿ ಮೈಲುಗಟ್ಟಲೆ ನೆಟ್‌ವರ್ಕ್ ಕೇಬಲ್ ಹರಿದಿದೆ. ಹೀಗೆ ತಂತಿಯ ನಡುವೆಯೇ ಬೆಳೆಯುವ ಮಕ್ಕಳಿಗೆ ಅದನ್ನು ಬಗ್ಗಿಸಿ, ಸುತ್ತಿ, ಕೊರಳಿಗೋ ಕೈಗೋ ಒಡವೆ ಮಾಡಿಕೊಳ್ಳುವುದನ್ನು ಕಲಿಸಲು ಬೆಂಕಿ ಬೇಡ, ಯಂತ್ರ ಬೇಡ. ಬೆಳಕಿರುವ ಒಂದು ಮೇಜು, ಎರಡು ಇಕ್ಕಳ, ಅಂಗೈಯಲ್ಲಿ ಹಿಡಿಯುವಷ್ಟು ತಂತಿ ಸಾಕು.

ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಬೇಸಿಗೆ ಶಿಬಿರ ನಡೆಸುವವರಿಗೆ, ಪಕ್ಕದ ಸರ್ಕಾರಿ ಶಾಲೆಗೆ ಕರಕುಶಲ ಹೇಳಿಕೊಡಲು ಹೋಗುವವರಿಗೆ, ರಜೆಯಲ್ಲಿ ಮಕ್ಕಳ ಜೊತೆ ಕೂರುವ ಅಪ್ಪ ಅಮ್ಮಂದಿರಿಗೆ ಈ ಬರಹ. ಹೇಳಬೇಕಾದ ಮುಖ್ಯ ಮಾತು ಒಂದೇ: ಹೊಸಬರಿಗೆ ಒಡವೆ ಕಲಿಸಲು ಹೋಗಬೇಡಿ, ಕುಣಿಕೆ ಕಲಿಸಿ. ತಂತಿಯ ತುದಿಯನ್ನು ದುಂಡಗೆ ಸುತ್ತಿ, ಬಾಯಿ ಮುಚ್ಚಿ, ನಡುವಿಗೆ ಕೂರಿಸುವ ಆ ಒಂದು ಕೆಲಸ ಕೈಗೆ ಹತ್ತಿದರೆ ಸರ, ಓಲೆ, ಬಳೆ, ಪದಕ ಯಾವುದನ್ನೂ ಬೇರೆಯಾಗಿ ಕಲಿಸಬೇಕಾಗುವುದಿಲ್ಲ. ಕುಣಿಕೆ ಸರಿಯಿಲ್ಲದಿದ್ದರೆ ಎಷ್ಟು ಚಂದದ ಮಣಿ ತಂದರೂ ಸರ ಸಂಜೆಯೊಳಗೆ ಬಿಚ್ಚಿಕೊಳ್ಳುತ್ತದೆ.

ಇದಕ್ಕೆ ಪುರಾವೆ ಮನೆಯಲ್ಲೇ ಇದೆ. ಅಮ್ಮನದೋ ಅಜ್ಜಿಯದೋ ಚಿನ್ನದ ತಂತಿಯಲ್ಲಿ ಕಟ್ಟಿದ ಕರಿಮಣಿ ಸರವಿದ್ದರೆ ಹತ್ತಿರದಿಂದ ನೋಡಲು ಮಕ್ಕಳಿಗೆ ಹೇಳಿ. ಮಣಿಯ ತೂತಿನೊಳಗಿಂದ ಒಂದು ಎಳೆ ಹಾದು ಎರಡೂ ಕಡೆ ಪುಟ್ಟ ಕುಣಿಕೆಯಾಗಿರುತ್ತದೆ. ಆ ಕುಣಿಕೆಗೆ ಮುಂದಿನ ಮಣಿಯ ಕುಣಿಕೆ ಸಿಕ್ಕಿಕೊಂಡಿರುತ್ತದೆ. ಬೆಳ್ಳಿ ತಂತಿಯಲ್ಲಿ ಕಟ್ಟಿಸಿದ ರುದ್ರಾಕ್ಷಿ, ತುಳಸಿಮಣಿ, ಸ್ಫಟಿಕದ ಮಾಲೆಗಳಲ್ಲೂ ಅದೇ ಕಟ್ಟು. ಅಕ್ಕಸಾಲಿಗರು ತಲೆಮಾರುಗಳಿಂದ ಮಾಡಿಕೊಂಡು ಬಂದಿರುವ ಈ ಕೆಲಸವನ್ನೇ ನಾವು ತಾಮ್ರದಲ್ಲಿ, ಮಕ್ಕಳ ಅಳತೆಗೆ ಇಳಿಸಿ ಕಲಿಸುತ್ತಿದ್ದೇವೆ ಎಂದು ಮೊದಲ ದಿನವೇ ತಿಳಿಸಿ. ಕೆಲಸದ ಬಗ್ಗೆ ಗೌರವ ಅಲ್ಲಿಂದಲೇ ಶುರುವಾಗಲಿ.

ಯಾವ ವಯಸ್ಸಿಗೆ ಎಷ್ಟು

ಆರರಿಂದ ಎಂಟು ವರ್ಷದವರಿಗೆ ಇಕ್ಕಳ ಬೇಡ. ಅವರಿಗೆ 1.5 ಮಿ.ಮೀ. ದಪ್ಪದ ಮೆತ್ತನೆಯ ಅಲ್ಯೂಮಿನಿಯಂ ತಂತಿ ಕೊಡಿ. ಅದು ಹಗುರ, ಬೆರಳಿಗೇ ಬಗ್ಗುತ್ತದೆ. ಪೆನ್ಸಿಲಿಗೆ ಸುತ್ತಿ ಸ್ಪ್ರಿಂಗ್ ಮಾಡುವುದು, ಮೇಜಿನ ಮೇಲೆ ಒತ್ತಿ ಹಿಡಿದು ಸುರುಳಿ ಸುತ್ತುವುದು, ಹೂವು, ಮೀನು, ಹೆಸರಿನ ಮೊದಲ ಅಕ್ಷರ ಬಗ್ಗಿಸುವುದು, ಇಷ್ಟು ಸಾಕು. ತುದಿಗಳನ್ನು ದೊಡ್ಡವರೇ ಒಳಕ್ಕೆ ಮಡಚಿ ಕೊಡಬೇಕು.

ಒಂಬತ್ತರಿಂದ ಹನ್ನೊಂದು, ಇಕ್ಕಳ ಹಿಡಿಯಲು ಸರಿಯಾದ ವಯಸ್ಸು. ಸರಳ ಕುಣಿಕೆ, ಎರಡೂ ಕಡೆ ಕುಣಿಕೆಯಿರುವ ಮಣಿಯ ಕೊಂಡಿ, ಭಾಗಗಳನ್ನು ಕೂಡಿಸುವ ಪುಟ್ಟ ಬಳೆಯಾದ ಜಂಪ್ ರಿಂಗ್ ಜೋಡಿಸುವುದು ಇವರಿಗೆ ಬರುತ್ತದೆ. ಹನ್ನೆರಡು ದಾಟಿದವರು ಕುತ್ತಿಗೆ ಸುತ್ತಿದ ಕುಣಿಕೆ, ಎಸ್ ಕೊಕ್ಕೆ, ಅರದಲ್ಲಿ ತುದಿ ಉಜ್ಜುವುದು, ಸಣ್ಣ ಸುತ್ತಿಗೆಯಲ್ಲಿ ತಂತಿಯನ್ನು ಚಪ್ಪಟೆ ಮಾಡುವುದು, ಇವನ್ನೆಲ್ಲ ಕಲಿಯಬಹುದು. ಬೆಸುಗೆ, ಬೆಂಕಿ, ಆಸಿಡ್ ಯಾವ ಗುಂಪಿಗೂ ಬೇಡ.

ಮೂರು ವರ್ಷದೊಳಗಿನ ತಮ್ಮ ತಂಗಿಯರು ಮನೆಯಲ್ಲಿದ್ದರೆ ಮಣಿ ಮತ್ತು ತಂತಿಯ ಚೂರು ಅವರ ಕೈಗೆ ಸಿಗದಂತೆ ಮುಚ್ಚಳದ ಡಬ್ಬಿಯಲ್ಲಿಡುವ ಅಭ್ಯಾಸವನ್ನು ಮೊದಲೇ ಮಾಡಿಸಿ. ಮಣಿ ಗಂಟಲಿಗೆ ಸಿಕ್ಕುವ ಅಪಾಯ ದೊಡ್ಡದು.

ತಂತಿ ಆರಿಸುವ ಬಗೆ

ಕಲಿಯುವವರಿಗೆ ತಾಮ್ರವೇ ಒಳ್ಳೆಯದು. ಮೆದುವಾಗಿ ಬಗ್ಗುತ್ತದೆ, ಬಗ್ಗಿಸಿದ ಆಕಾರದಲ್ಲಿ ನಿಲ್ಲುತ್ತದೆ, ತಪ್ಪಿದರೆ ಒಂದೆರಡು ಸಲ ತಿದ್ದಲು ಬಿಡುತ್ತದೆ. ಕಟ್ಟಡದ ಕಬ್ಬಿಣ ಕಟ್ಟುವ ಬೈಂಡಿಂಗ್ ವೈರ್ ಅಗ್ಗವೇನೋ ಹೌದು, ಆದರೆ ಬೆವರಿಗೆ ತುಕ್ಕು ಹಿಡಿದು ಚರ್ಮಕ್ಕೂ ಬಟ್ಟೆಗೂ ಕಲೆ ಮಾಡುತ್ತದೆ. ಬಳೆಗೆಂದು ಮಾರುವ ಮೆಮೊರಿ ವೈರ್ ಗಟ್ಟಿ ಉಕ್ಕು. ಸಾಮಾನ್ಯ ಕಟರ್‌ನಿಂದ ಕತ್ತರಿಸಲು ಹೋದರೆ ಕಟರಿನ ಬಾಯಿ ಹಾಳು, ಚಿಮ್ಮಿದ ತುಂಡು ಕಣ್ಣಿಗೆ ಅಪಾಯ. ಮಕ್ಕಳ ತರಗತಿಯಲ್ಲಿ ಅದಕ್ಕೆ ಜಾಗವಿಲ್ಲ.

ದಪ್ಪದ ಲೆಕ್ಕದಲ್ಲಿ ಒಂದು ತೊಡಕಿದೆ. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಗೇಜ್ ಅಂದರೆ ಬ್ರಿಟಿಷ್ ಅಳತೆಯಾದ ಎಸ್‌ಡಬ್ಲ್ಯೂಜಿ. ಯೂಟ್ಯೂಬ್ ಪಾಠಗಳಲ್ಲಿ, ಆನ್‌ಲೈನ್ ಕಿಟ್‌ಗಳಲ್ಲಿ ಹೆಚ್ಚಾಗಿ ಹೇಳುವುದು ಅಮೆರಿಕದ ಎಡಬ್ಲ್ಯೂಜಿ. ಎರಡರಲ್ಲೂ ಅಂಕಿ ಒಂದೇ ಇದ್ದರೂ ದಪ್ಪ ಬೇರೆ. 22 ಎಸ್‌ಡಬ್ಲ್ಯೂಜಿ ಎಂದರೆ 0.71 ಮಿ.ಮೀ., 22 ಎಡಬ್ಲ್ಯೂಜಿ ಎಂದರೆ 0.64 ಮಿ.ಮೀ. 20ರಲ್ಲಿ ಇದು 0.91 ಮತ್ತು 0.81. ಹಾಗಾಗಿ ಅಂಗಡಿಯಲ್ಲಿ ಮಿಲಿಮೀಟರಿನಲ್ಲೇ ಕೇಳುವುದು ಸುಲಭ. ಮಣಿಯ ಕೊಂಡಿ, ಕುಣಿಕೆಗಳಿಗೆ 0.7 ಮಿ.ಮೀ., ಜಂಪ್ ರಿಂಗ್ ಮತ್ತು ಕೊಕ್ಕೆಗೆ 0.9, ಬಳೆಯ ಚೌಕಟ್ಟಿಗೆ 1.2, ಮೇಲೆ ಸುತ್ತುವ ಅಲಂಕಾರಕ್ಕೆ 0.4. ಮೊದಲ ತಿಂಗಳಿಗೆ 0.7 ಮತ್ತು 0.9 ಇವೆರಡೇ ಸಾಕು.

ವೈಂಡಿಂಗ್ ತಂತಿ ತೂಕದ ಮೇಲೆ ಸಿಗುತ್ತದೆ. 0.71 ಮಿ.ಮೀ. ತಾಮ್ರ 100 ಗ್ರಾಂ ಕೊಂಡರೆ ಸುಮಾರು 28 ಮೀಟರ್ ಬರುತ್ತದೆ. ಒಂದು ಮಗುವಿಗೆ ಅಭ್ಯಾಸಕ್ಕೂ ಒಂದು ಕೈಸರಕ್ಕೂ ಸೇರಿ 2 ಮೀಟರ್ ಹಿಡಿದರೆ ಹನ್ನೆರಡು ಮಕ್ಕಳ ತರಗತಿಗೆ 100 ಗ್ರಾಂ ಸಾಲುತ್ತದೆ. ಈ ತಂತಿಯ ಮೇಲೆ ತೆಳುವಾದ ಎನಾಮೆಲ್ ಲೇಪ ಇರುತ್ತದೆ. ಅದು ಇರುವವರೆಗೆ ತಾಮ್ರ ಬೇಗ ಕಪ್ಪಾಗುವುದಿಲ್ಲ. ಹೊಸ ರೀಲಿನಿಂದ ಬಿಚ್ಚಿದ್ದನ್ನೇ ಕೇಳಿ ತನ್ನಿ. ಸುಟ್ಟ ಮೋಟರಿನಿಂದ ಕಿತ್ತ ತಂತಿ ಸುಮ್ಮನೆ ಕೊಟ್ಟರೂ ಬೇಡ. ಅದು ವಾರ್ನಿಷ್ ಅಂಟಿ ಗಡಸಾಗಿರುತ್ತದೆ, ಮಸಿ ಕೈಗೆ ಹತ್ತುತ್ತದೆ.

ನಮ್ಮ ಕಡೆಯ ವಿಶೇಷವೆಂದರೆ ನೆಟ್‌ವರ್ಕ್ ಕೇಬಲ್. ಒಂದು ಲ್ಯಾನ್ ಕೇಬಲಿನೊಳಗೆ ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣದ ನಾಲ್ಕು ಜೋಡಿ, ಅಂದರೆ ಎಂಟು ಎಳೆ ಇರುತ್ತವೆ. ಗೋಡೆಯೊಳಗೆ ಎಳೆಯುವ ಕೇಬಲಿನಲ್ಲಿ ಪ್ರತಿ ಎಳೆಯ ನಡುವೆ ಸುಮಾರು ಅರ್ಧ ಮಿ.ಮೀ. ದಪ್ಪದ ಒಂಟಿ ತಂತಿ. ಬಣ್ಣದ ಕವಚ ಇರುವುದರಿಂದ ಚಿಕ್ಕವರ ಬೆರಳಿಗೆ ಹಿತ, ಬಣ್ಣ ಹಚ್ಚುವ ಕೆಲಸವೂ ಇಲ್ಲ. ಹೊಸ ಕೇಬಲ್ ಎಳೆದಾಗ ಉಳಿಯುವ ಮೊಳದುದ್ದದ ತುಂಡುಗಳನ್ನು ಪರಿಚಯದ ನೆಟ್‌ವರ್ಕ್ ಕೆಲಸಗಾರರಿಂದ ಕೇಳಿ ಪಡೆಯಬಹುದು. ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು, ಬಗ್ಗಿಸಿದರೆ ಬೇಗ ತುಂಡಾಗುತ್ತದೆ. ಎರಡು ಎಚ್ಚರ ಬೇಕು. ಹಳೆಯ ಇ-ತ್ಯಾಜ್ಯದ ಕೇಬಲ್ ಮಕ್ಕಳಿಗೆ ಬೇಡ, ಹಳೆಯ ಪಿವಿಸಿ ಕವಚದಲ್ಲಿ ಸೀಸ ಇರಬಹುದು. ಕವಚ ತೆಗೆಯಲು ಯಾವ ಕಾರಣಕ್ಕೂ ಸುಡಬಾರದು, ಆ ಹೊಗೆ ವಿಷ.

ಎಲ್ಲಿ ಕೊಳ್ಳುವುದು

ಗರುಡಾಚಾರ್‌ಪಾಳ್ಯ ಅಥವಾ ಸಿಂಗಯ್ಯನಪಾಳ್ಯದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಮೆಜೆಸ್ಟಿಕ್. ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ಚಿಕ್ಕಪೇಟೆ. 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡ್ ಮಾರ್ಗ ಪೂರ್ತಿ ಕೂಡಿಕೊಂಡ ಮೇಲೆ ಈ ಪಯಣ ಹಗುರವಾಗಿದೆ. ಇಕ್ಕಳ, ಕಟರ್, ಕೇಬಲ್‌ಗಳಿಗೆ ಎಸ್.ಪಿ. ರಸ್ತೆ. ಮಣಿ, ಕೊಕ್ಕೆ, ಇಯರ್ ಹುಕ್‌ಗಳಿಗೆ ಅವೆನ್ಯೂ ರಸ್ತೆಯ ರಾಜಾ ಮಾರುಕಟ್ಟೆ, ಮಾಮೂಲ್‌ಪೇಟೆ ಸುತ್ತಲಿನ ಗಲ್ಲಿಗಳು. ಭಾನುವಾರ ಹಲವು ಅಂಗಡಿಗಳಿಗೆ ರಜೆ, ವಾರದ ದಿನ ಹೋಗಿ. ದೊಡ್ಡ ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಅದೂ ಒಂದು ಪಾಠ. ತಂತಿಯನ್ನು ತೂಕಕ್ಕೆ, ಮಣಿಯನ್ನು ಸರದ ಲೆಕ್ಕಕ್ಕೆ ಕೊಳ್ಳುವುದನ್ನು ಅವರು ಕಣ್ಣಾರೆ ನೋಡಲಿ.

ಮಣಿಗೆ ಚನ್ನಪಟ್ಟಣದ ಕಡೆಗೂ ನೋಡಿ. ಭೌಗೋಳಿಕ ಮಾನ್ಯತೆ ಪಡೆದ ಅಲ್ಲಿನ ಆಟಿಕೆ ಕಸುಬಿನವರು ಮರದ ಮಣಿಯನ್ನೂ ತಿರುಗಣೆಯಲ್ಲಿ ಕಡೆದು ಅರಗಿನ ಬಣ್ಣ ಹಚ್ಚುತ್ತಾರೆ. ಹಗುರ, ನುಣುಪು, ನೆಲಕ್ಕೆ ಬಿದ್ದರೆ ಒಡೆಯುವುದಿಲ್ಲ. ಮರದ ಮಣಿಯ ತೂತು ದೊಡ್ಡದಾಗಿದ್ದರೆ ಕುಣಿಕೆ ಒಳಕ್ಕೆ ಜಾರುತ್ತದೆ. ಎರಡೂ ಕಡೆ ಒಂದೊಂದು ಸಣ್ಣ ಗಾಜಿನ ಮಣಿ ಪೋಣಿಸಿದರೆ ತಡೆ ಆಗುತ್ತದೆ.

ಉಪಕರಣ

ಬೇಕಾದ್ದು ಮೂರು. ಮೂತಿ ದುಂಡಗೆ, ತುದಿಗೆ ಸಣ್ಣಗಾಗುತ್ತ ಹೋಗುವ ರೌಂಡ್ ನೋಸ್ ಇಕ್ಕಳ. ಒಳಮೈ ನುಣುಪಾಗಿರುವ ಚಪ್ಪಟೆ ಮೂತಿಯ ಇಕ್ಕಳ. ಓರೆ ಬಾಯಿಯ ಸಣ್ಣ ಕಟರ್. ಮನೆಯ ಕಟಿಂಗ್ ಪ್ಲೈಯರ್ ದೊಡ್ಡದು, ಅದರ ಬಾಯಿಯೊಳಗಿನ ಹಲ್ಲು ತಾಮ್ರದ ಮೇಲೆ ಗಾಯ ಮಾಡುತ್ತದೆ. ಬೇರೆ ಇಲ್ಲದಿದ್ದರೆ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬಳಸಿ. ಇಬ್ಬರು ಮಕ್ಕಳಿಗೆ ಒಂದು ಜೊತೆ ಇಕ್ಕಳವಾದರೂ ಇರಲಿ. ಕಟರ್ ಮಾತ್ರ ಕಲಿಸುವವರ ಬಳಿ ಒಂದೇ ಇರಲಿ, ಬೇಕಾದವರು ಎದ್ದು ಬಂದು ಕತ್ತರಿಸಿಕೊಂಡು ಹೋಗಲಿ.

ಇವುಗಳ ಜೊತೆಗೆ ಸ್ಕೇಲ್, ಮಾರ್ಕರ್ ಪೆನ್ನು, ಉಪ್ಪುಕಾಗದ ಅಥವಾ ಉಗುರಿನ ಅರ, ಒಂದಿಷ್ಟು ಹತ್ತಿ, ಮಣಿ ಉರುಳದಂತೆ ಮೇಜಿಗೆ ಹಾಸಲು ಹಳೆಯ ಟವಲ್. ಕತ್ತರಿಸುವಾಗ ಹಾಕಿಕೊಳ್ಳಲು ಕನ್ನಡಕ ಇರಲೇಬೇಕು.

ಕತ್ತರಿಸುವ ನಿಯಮವನ್ನು ಮೊದಲ ದಿನ ಎಲ್ಲರಿಂದಲೂ ಮಾಡಿಸಿ ತೋರಿಸಿಕೊಳ್ಳಿ. ತಂತಿಯ ತುದಿ ನೆಲದ ಕಡೆ, ಇನ್ನೊಂದು ಕೈಯ ಬೆರಳು ಆ ತುದಿಯ ಮೇಲೆ, ಕೆಳಗೆ ಒಂದು ಡಬ್ಬಿ. ಹೀಗೆ ಹಿಡಿದರೆ ತುಂಡು ಚಿಮ್ಮುವುದಿಲ್ಲ. ಡಬ್ಬಿಯಲ್ಲಿ ಸೇರಿದ ತಾಮ್ರದ ಚೂರನ್ನು ಗುಜರಿಗೆ ಹಾಕಬಹುದು, ಕಸಕ್ಕೆ ಬೇಡ.

ಮೊದಲ ಪಾಠ: ತಂತಿಯ ಗುಣ

ಒಡವೆಯ ಮಾತೇ ಎತ್ತದೆ ಒಂದು ಗೇಣು ತಂತಿ ಕೊಡಿ. ಬೆರಳುಗಳ ನಡುವೆ ಬಟ್ಟೆ ಹಿಡಿದು ಎರಡು ಮೂರು ಸಲ ಎಳೆದು ನೇರ ಮಾಡಲಿ. ನಂತರ ಒಂದು ಸಣ್ಣ ತುಂಡನ್ನು ಒಂದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತ ಹೋಗಲಿ. ಬಗ್ಗಿಸಿದಷ್ಟೂ ತಾಮ್ರ ಗಡಸಾಗುತ್ತದೆ, ಬಗ್ಗಿದ ಜಾಗ ಬೆಚ್ಚಗಾಗುತ್ತದೆ, ಕೊನೆಗೆ ಪಟ್ಟನೆ ತುಂಡಾಗುತ್ತದೆ. ಲೋಹದೊಳಗಿನ ಹರಳುಗಳ ಜೋಡಣೆ ಬಾಗಿಸಿದ ಹಾಗೆಲ್ಲ ಸಿಕ್ಕಾಗಿ, ಮುಂದೆ ಸರಿಯಲು ಜಾಗವಿಲ್ಲದೆ ಹೀಗಾಗುತ್ತದೆ. ತಂತಿಯನ್ನು ಪದೇ ಪದೇ ತಿದ್ದಬಾರದು ಎಂದು ಹತ್ತು ಸಲ ಹೇಳುವುದಕ್ಕಿಂತ ಇದು ಮೇಲು. ತುಂಡಾದ ತಂತಿ ಕೈಯಲ್ಲಿದ್ದರೆ ಮಗುವಿಗೆ ಬೇರೆ ವಿವರಣೆ ಬೇಡ.

ಆಮೇಲೆ ರಂಗೋಲಿ. ಕೈ ಎತ್ತದೆ ಒಂದೇ ಎಳೆಯಲ್ಲಿ ಬರೆಯುವ ಚಿಕ್ಕ ಆಕಾರವೊಂದನ್ನು ಕಾಗದದ ಮೇಲೆ ಬರೆಯಲಿ: ಮಾವಿನಕಾಯಿ, ಶಂಖ, ಬಳ್ಳಿಯ ಸುರುಳಿ. ಆ ಗೆರೆಯ ಮೇಲೆ ದಾರ ಇಟ್ಟು, ದಾರವನ್ನು ನೇರ ಮಾಡಿ ಅಳೆದರೆ ಎಷ್ಟು ತಂತಿ ಬೇಕೆಂದು ತಿಳಿಯುತ್ತದೆ. ಅದಕ್ಕೆ 3 ಸೆಂ.ಮೀ. ಸೇರಿಸಿ ಕತ್ತರಿಸಿ, ಚಿತ್ರದ ಮೇಲೆ ಇಟ್ಟು ಬಗ್ಗಿಸುತ್ತ ಹೋಗಲಿ. ಮನೆಯ ಮುಂದೆ ಎಳೆ ರಂಗೋಲಿ ನೋಡಿ ಬೆಳೆದ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ. ಅಂದಿನ ಕೆಲಸ ಇಷ್ಟೇ. ಆ ಆಕಾರವೇ ಮುಂದೆ ಪದಕವಾಗುತ್ತದೆ.

ಎರಡನೆಯ ಪಾಠ: ಕುಣಿಕೆ

ಇಡೀ ಕಲಿಕೆಯ ತಿರುಳು ಇಲ್ಲಿದೆ. ಅವಸರ ಬೇಡ, ಇಡೀ ತರಗತಿ ಇದಕ್ಕೇ ಮೀಸಲಿಡಿ.

1. 0.7 ಮಿ.ಮೀ. ತಂತಿಯ 6 ಸೆಂ.ಮೀ. ತುಂಡು ತೆಗೆದುಕೊಳ್ಳಿ. 8 ಮಿ.ಮೀ. ಅಗಲದ ಒಂದು ಮಣಿ ಪೋಣಿಸಿ.

2. ಮಣಿಯ ಮೇಲೆ 12 ಮಿ.ಮೀ. ತಂತಿ ಉಳಿಯುವಂತೆ ಅಳೆದು ಕತ್ತರಿಸಿ. ಒಳಗಡೆ 3 ಮಿ.ಮೀ. ಜಾಗವಿರುವ ಕುಣಿಕೆಗೆ ಸರಿಸುಮಾರು ಇಷ್ಟೇ ಉದ್ದ ಬೇಕು.

3. ಹೆಬ್ಬೆರಳಿನಿಂದ ತಂತಿಯನ್ನು ಮಣಿಯ ಬುಡದಲ್ಲೇ ಒಂದು ಪಕ್ಕಕ್ಕೆ ಲಂಬಕೋನದಲ್ಲಿ ಮಡಚಿ. ಮಣಿಗೂ ಮಡಿಕೆಗೂ ನಡುವೆ ಸಂದು ಬಿಡಬೇಡಿ.

4. ರೌಂಡ್ ನೋಸ್ ಇಕ್ಕಳದಲ್ಲಿ ತಂತಿಯ ತುತ್ತತುದಿಯನ್ನು ಹಿಡಿಯಿರಿ. ಬೆರಳಿನಿಂದ ಸವರಿದರೆ ತಂತಿ ಇಕ್ಕಳದಿಂದಾಚೆ ಚಾಚಿರಬಾರದು.

5. ಮಣಿಕಟ್ಟನ್ನು ಮಡಿಕೆಗೆ ಎದುರು ದಿಕ್ಕಿನಲ್ಲಿ ತಿರುಗಿಸಿ. ಅರ್ಧ ಸುತ್ತಾದ ಮೇಲೆ ಕೈ ನಿಲ್ಲುತ್ತದೆ. ಬಲವಂತ ಬೇಡ. ಇಕ್ಕಳ ಸಡಿಲಿಸಿ, ಹಿಂದಕ್ಕೆ ತಿರುಗಿಸಿ ಮತ್ತೆ ಹಿಡಿದು, ತುದಿ ಬಂದು ಮಡಿಕೆಗೆ ಮುಟ್ಟುವವರೆಗೆ ಸುತ್ತಿ.

6. ಕುಣಿಕೆ ಮಣಿಯ ನಡುವಿನ ಗೆರೆಗೆ ನೇರವಾಗಿ ಕೂತಿದೆಯೇ ನೋಡಿ. ಇನ್ನೊಂದು ಬದಿಗೂ ಹೀಗೆಯೇ ಮಾಡಿ.

ಇಕ್ಕಳದ ಮೂತಿ ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಹಾಗಾಗಿ ತಂತಿಯನ್ನು ಒಂದೊಂದು ಸಲ ಒಂದೊಂದು ಕಡೆ ಹಿಡಿದರೆ ಕುಣಿಕೆಗಳು ಒಂದು ದೊಡ್ಡದು, ಒಂದು ಚಿಕ್ಕದು ಆಗುತ್ತವೆ. ಮೂತಿಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆದುಕೊಟ್ಟು, ಯಾವಾಗಲೂ ಅಲ್ಲೇ ಹಿಡಿಯಲು ಹೇಳಿ. ಈ ಒಂದು ಗೆರೆಯಿಂದ ಮಕ್ಕಳ ಕೆಲಸದಲ್ಲಿ ಬರುವ ಅಚ್ಚುಕಟ್ಟು ದೊಡ್ಡದು.

ಕಲಿಸುವವರು 0.7 ಮಿ.ಮೀ. ತಂತಿ ಹಿಡಿದು ತೋರಿಸಿದರೆ ಹಿಂದಿನ ಸಾಲಿಗೆ ಏನೂ ಕಾಣುವುದಿಲ್ಲ. 3 ಮಿ.ಮೀ. ಅಲ್ಯೂಮಿನಿಯಂ ತಂತಿ ಮತ್ತು ಒಂದು ಟೇಬಲ್ ಟೆನಿಸ್ ಚೆಂಡನ್ನು ಮಣಿಯ ಬದಲು ಇಟ್ಟುಕೊಂಡು ಪ್ರತಿ ಹಂತವನ್ನೂ ದೊಡ್ಡದಾಗಿ ಮಾಡಿ ತೋರಿಸಿ. ಮಗುವಿಗೆ ಹೇಳಿಕೊಡುವಾಗ ಎದುರು ಕೂರದೆ ಪಕ್ಕದಲ್ಲಿ ಕೂರಿ. ಎದುರು ಕೂತರೆ ಎಡಬಲ ಅದಲುಬದಲಾಗುತ್ತದೆ. ಎಡಚ ಮಕ್ಕಳಿಗೆ ಮಾತ್ರ ಎದುರು ಕೂರಿ. ಬಲಗೈಯವರ ಕೆಲಸ ಕನ್ನಡಿಯಲ್ಲಿ ಕಂಡಂತೆ ಅವರಿಗೆ ಸರಿಹೊಂದುತ್ತದೆ.

ಮೂರನೆಯ ಪಾಠ: ಜಂಪ್ ರಿಂಗ್ ಮತ್ತು ಜೋಡಣೆ

0.9 ಮಿ.ಮೀ. ತಂತಿಯನ್ನು ರೀಫಿಲ್ಲಿಗೋ ಹೆಣಿಗೆ ಕಡ್ಡಿಗೋ ಒತ್ತೊತ್ತಾಗಿ ಸುತ್ತಿ ಸ್ಪ್ರಿಂಗ್ ಮಾಡಿ. ಅದನ್ನು ಜಾರಿಸಿ ತೆಗೆದು, ಒಂದೊಂದೇ ಸುತ್ತನ್ನು ಕತ್ತರಿಸಿದರೆ ಬಳೆಯಾಕಾರದ ಪುಟ್ಟ ರಿಂಗುಗಳು. ಇವನ್ನು ತೆರೆಯುವ ಕ್ರಮ ಕಲಿಸುವುದು ಬಹಳ ಮುಖ್ಯ. ಎಡಕ್ಕೆ ಬಲಕ್ಕೆ ಅಗಲಿಸಿ ಎಳೆದರೆ ದುಂಡು ಕೆಟ್ಟು ಮತ್ತೆ ಕೂಡುವುದಿಲ್ಲ. ಬಾಯಿಯ ಎರಡೂ ಬದಿಯನ್ನು ಎರಡು ಇಕ್ಕಳದಲ್ಲಿ ಹಿಡಿದು, ಒಂದನ್ನು ತಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಬೇಕು. ಮುಚ್ಚುವಾಗ ಅದೇ ದಾರಿಯಲ್ಲಿ ಹಿಂದಕ್ಕೆ ತಂದು, ತುಸು ಮುಂದೆ ದಾಟಿಸಿ ಮತ್ತೆ ಹಿಂದೆ ತಂದರೆ ತುದಿಗೆ ತುದಿ ಒತ್ತಿ ಕೂರುತ್ತದೆ. ಸರಿಯಾಗಿ ಮುಚ್ಚಿದ ರಿಂಗಿನ ಸಂದಿನಲ್ಲಿ ಕೂದಲೂ ತೂರಬಾರದು. ಇದನ್ನೇ ಪರೀಕ್ಷೆಯಾಗಿ ಇಡಿ.

ಮಣಿಯ ಕೊಂಡಿಗಳನ್ನು ಜೋಡಿಸುವಾಗಲೂ ಕುಣಿಕೆಯನ್ನು ಪಕ್ಕಕ್ಕೆ ತಿರುಗಿಸಿಯೇ ತೆರೆಯಬೇಕು. 8 ಮಿ.ಮೀ. ಮಣಿಯ ಒಂದು ಕೊಂಡಿ ಸುಮಾರು 15 ಮಿ.ಮೀ. ಉದ್ದ ಬರುತ್ತದೆ. 14 ಸೆಂ.ಮೀ. ಕೈಸರಕ್ಕೆ ಎಂಟು ಒಂಬತ್ತು ಕೊಂಡಿ ಮತ್ತು ಒಂದು ಕೊಕ್ಕೆ ಎಂದು ಮಕ್ಕಳೇ ಲೆಕ್ಕ ಹಾಕಲಿ.

ನಾಲ್ಕನೆಯ ಪಾಠ: ಕುತ್ತಿಗೆ ಸುತ್ತಿದ ಕುಣಿಕೆ, ಕೊಕ್ಕೆ, ಮುಕ್ತಾಯ

ಸರಳ ಕುಣಿಕೆ ಜೋರಾಗಿ ಎಳೆದರೆ ತೆರೆದುಕೊಳ್ಳುತ್ತದೆ. ಭಾರದ ಪದಕಕ್ಕೆ ಗಟ್ಟಿ ಕಟ್ಟು ಬೇಕು. ಮಣಿಯ ಮೇಲೆ 2 ಮಿ.ಮೀ. ಕುತ್ತಿಗೆ ಬಿಟ್ಟು ತಂತಿಯನ್ನು ಮಡಚಿ, ಕುಣಿಕೆ ಮಾಡಿ, ಉಳಿದ ಬಾಲವನ್ನು ಆ ಕುತ್ತಿಗೆಗೆ ಎರಡು ಮೂರು ಸುತ್ತು ಒತ್ತೊತ್ತಾಗಿ ಸುತ್ತಬೇಕು. ಕುಣಿಕೆಯನ್ನು ಚಪ್ಪಟೆ ಇಕ್ಕಳದಲ್ಲಿ ಹಿಡಿದುಕೊಂಡರೆ ಸುತ್ತುವುದು ಸುಲಭ. ಇದಕ್ಕೆ ಬಾಲ 4 ಸೆಂ.ಮೀ. ಆದರೂ ಇರಲಿ. ಒಮ್ಮೆ ಸುತ್ತಿದ ಮೇಲೆ ಬಿಚ್ಚಲಾಗುವುದಿಲ್ಲ, ಆದ್ದರಿಂದ ಸರಪಳಿಗೆ ಸೇರಿಸಬೇಕಿದ್ದರೆ ಸುತ್ತುವ ಮೊದಲೇ ಸೇರಿಸಬೇಕು.

ಕೊಕ್ಕೆಗೆ 0.9 ಮಿ.ಮೀ. ತಂತಿ 5 ಸೆಂ.ಮೀ. ಎರಡು ತುದಿಗೂ ಪುಟ್ಟ ಸುರುಳಿ ಮಾಡಿ, ಪೆನ್ನಿನ ಮೈಗೆ ಒತ್ತಿ ಎಸ್ ಆಕಾರಕ್ಕೆ ಬಗ್ಗಿಸಿ. ಹನ್ನೆರಡು ದಾಟಿದವರು ಅದನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಹಗುರವಾಗಿ ಬಡಿಯಲಿ. ಮೊದಲ ದಿನ ಬಗ್ಗಿಸಿ ತುಂಡರಿಸಿದಾಗ ಕಂಡ ಗಡಸುತನ ಇಲ್ಲಿ ಉಪಕಾರಕ್ಕೆ ಬರುತ್ತದೆ. ಬಡಿದ ತಾಮ್ರ ಗಟ್ಟಿಯಾಗಿ ಕೊಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಕೊನೆಗೆ ಹತ್ತಿಯ ಪರೀಕ್ಷೆ. ಒಡವೆಯ ಮೇಲೆಲ್ಲ ಹತ್ತಿ ಸವರಿ. ಎಲ್ಲಿ ನೂಲು ಸಿಕ್ಕಿಕೊಳ್ಳುತ್ತದೋ ಅಲ್ಲಿ ತುದಿ ಚೂಪಾಗಿದೆ ಎಂದರ್ಥ. ಅದನ್ನು ಒಳಕ್ಕೆ ಒತ್ತಿ, ಉಪ್ಪುಕಾಗದದಲ್ಲಿ ಉಜ್ಜಿ, ಮತ್ತೆ ಸವರಿ. ಹತ್ತಿ ಸಲೀಸಾಗಿ ಹಾದುಹೋದರೆ ಮಾತ್ರ ಒಡವೆ ಮುಗಿದಂತೆ.

ಚರ್ಮ, ಬಣ್ಣ, ಹೊಳಪು

ಲೇಪವಿಲ್ಲದ ತಾಮ್ರ ಬೆವರು ತಾಗಿ ಕೆಲವರ ಚರ್ಮದ ಮೇಲೆ ಹಸಿರು ಕಲೆ ಬಿಡುತ್ತದೆ. ಅದು ತೊಳೆದರೆ ಹೋಗುತ್ತದೆ, ಹೆದರಬೇಕಿಲ್ಲ. ನಿಜವಾದ ತೊಂದರೆ ನಿಕಲ್‌ನದು. ಅಗ್ಗದ ಲೇಪದ ಇಯರ್ ಹುಕ್‌ಗಳಲ್ಲಿ ಅದು ಇದ್ದರೆ ಕಿವಿ ಕೆರೆತ, ಕೀವು ಬರಬಹುದು. ಇದೇ ಕಾರಣಕ್ಕೆ ಯುರೋಪಿನಲ್ಲಿ ಚರ್ಮಕ್ಕೆ ತಾಗುವ ಒಡವೆಗಳಿಂದ ಬಿಡುಗಡೆಯಾಗುವ ನಿಕಲ್‌ಗೆ ಕಾನೂನಿನ ಮಿತಿ ಇದೆ. ಕಿವಿಗೆ ಹೋಗುವ ಭಾಗವನ್ನು ಬೆಳ್ಳಿಯದೇ ಕೊಳ್ಳಿ, ಕೆಳಗೆ ತೂಗುವ ಭಾಗವನ್ನು ಮಕ್ಕಳು ಮಾಡಲಿ. ಹೊಸದಾಗಿ ಚುಚ್ಚಿಸಿದ ಕಿವಿಗೆ ಈ ಯಾವುದೂ ಬೇಡ.

ಬರಿ ತಾಮ್ರ ಮಂಕಾದರೆ ದೇವರ ಸಾಮಾನು ತೊಳೆಯುವಂತೆ ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿ, ತೊಳೆದು, ಪೂರ್ತಿ ಒರೆಸಬೇಕು. ಹಳೆಯ ಕಾಲದ ಕಂದು ಛಾಯೆ ಬೇಕಿದ್ದರೆ ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯನ್ನು ಬಿಸಿಯಿರುವಾಗಲೇ ಪುಡಿ ಮಾಡಿ, ಒಡವೆಗೆ ತಾಗದಂತೆ ಮುಚ್ಚಿದ ಡಬ್ಬಿಯಲ್ಲಿ ಒಟ್ಟಿಗಿಡಿ. ಮೊಟ್ಟೆಯ ಗಂಧಕದ ಅನಿಲಕ್ಕೆ ತಾಮ್ರ ನಿಧಾನವಾಗಿ ಕಪ್ಪೇರುತ್ತದೆ. ರಾಸಾಯನಿಕದ ಬಾಟಲಿ ತರುವ ಅಗತ್ಯವೇ ಇಲ್ಲ.

ಕಲಿಸುವವರು ನೆನಪಿಡಬೇಕಾದ್ದು

ಒಬ್ಬರಿಗೆ ಆರು ಏಳು ಮಕ್ಕಳಿಗಿಂತ ಹೆಚ್ಚು ಬೇಡ. ಒಂಬತ್ತು ವರ್ಷದವರ ಕೈ ಮುಕ್ಕಾಲು ಗಂಟೆಗೆ ದಣಿಯುತ್ತದೆ, ನಡುವೆ ಬಿಡುವು ಕೊಡಿ. ಉದ್ದ ತಂತಿ ಕೊಟ್ಟರೆ ಸಿಕ್ಕಾಗುತ್ತದೆ, ಗೇಣಿನ ಲೆಕ್ಕದಲ್ಲಿ ಕೊಡಿ. ಕುಣಿಕೆ ಮೊಟ್ಟೆಯಾಕಾರಕ್ಕೆ ಬಂದರೆ ಮಗು ತುದಿಯನ್ನು ಸರಿಯಾಗಿ ಹಿಡಿದಿಲ್ಲ. ಕುಣಿಕೆ ಒಂದು ಬದಿಗೆ ವಾಲಿದರೆ ಮೊದಲ ಮಡಿಕೆ ಲಂಬವಾಗಿಲ್ಲ. ಮಣಿ ಅಲ್ಲಾಡಿದರೆ ಮಡಿಕೆ ಬುಡಕ್ಕೆ ಬಿದ್ದಿಲ್ಲ. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ, ಆದರೆ ಮಗುವಿನ ಕೈಯಿಂದ ಕೆಲಸ ಕಿತ್ತುಕೊಂಡು ನೀವೇ ತಿದ್ದಬೇಡಿ. ನೀವು ತಿದ್ದಿದ ಕುಣಿಕೆ ನಿಮ್ಮದಾಗುತ್ತದೆ. ಮಗು ಅದನ್ನು ಯಾರಿಗೂ ಹೆಮ್ಮೆಯಿಂದ ತೋರಿಸುವುದಿಲ್ಲ.

ಮಹದೇವಪುರದ ತರಗತಿಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ, ಬಂಗಾಳಿ ಮಾತಾಡುವ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಅಪಾರ್ಟ್‌ಮೆಂಟಿನ ಮಗು, ಅದೇ ಅಪಾರ್ಟ್‌ಮೆಂಟ್ ಕಟ್ಟಲು ಯಾದಗಿರಿ, ರಾಯಚೂರಿನಿಂದ ಬಂದವರ ಮಗು ಒಂದೇ ಮೇಜಿಗೆ ಬರುವಂತೆ ತರಗತಿ ನಡೆಸಲು ಸಾಧ್ಯವಾದರೆ ಖಂಡಿತ ನಡೆಸಿ. ತಂತಿಯ ಮುಂದೆ ಇಬ್ಬರೂ ಹೊಸಬರೇ. ಮಾತನ್ನು ಕನ್ನಡದಲ್ಲೇ ಇಡಿ: ಹಿಡಿ, ಅಳೆ, ಮಡಚು, ಸುತ್ತು, ಒತ್ತು, ಬಿಡು. ಕೈ ಕೆಲಸ ಮಾಡುತ್ತಿರುವಾಗ ಕೇಳಿದ ಮಾತು ಬೇಗ ನಾಟುತ್ತದೆ. ಕನ್ನಡ ಬಾರದ ಮಗುವೂ ಎರಡನೆಯ ವಾರಕ್ಕೆ ಪಕ್ಕದವರಿಗೆ ಇದನ್ನೇ ಹೇಳಿಕೊಡತೊಡಗುತ್ತದೆ. ಹೆಣ್ಣುಮಕ್ಕಳ ಕೆಲಸವೆಂದು ಗಂಡುಮಕ್ಕಳನ್ನು ಹೊರಗಿಡಬೇಡಿ. ಅಕ್ಕಸಾಲಿಗರ ಕಟ್ಟೆಯಲ್ಲಿ ಕೂತು ದುಡಿದವರು ಹೆಚ್ಚಾಗಿ ಗಂಡಸರೇ ಎಂದು ನೆನಪಿಸಿ.

ಮುಂದೇನು

ಬೀದಿಯ ತಂತಿಯಿಂದ ದೊಡ್ಡ ಕಲೆ ಹುಟ್ಟಿದ್ದುಂಟು. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ (1898–1976) ಹುಡುಗನಾಗಿದ್ದಾಗ ಬೀದಿಯಲ್ಲಿ ಸಿಕ್ಕ ತಾಮ್ರದ ತಂತಿಯ ಚೂರುಗಳಿಂದ ಅಕ್ಕನ ಗೊಂಬೆಗಳಿಗೆ ಒಡವೆ ಮಾಡುತ್ತಿದ್ದ. ಮುಂದೆ ಜೀವಮಾನದಲ್ಲಿ ಸುಮಾರು 1,800 ಒಡವೆ ಮಾಡಿದ, ಅವುಗಳಲ್ಲಿ ಹೆಚ್ಚಿನವು ಬೆಸುಗೆಯಿಲ್ಲದೆ ಬಗ್ಗಿಸಿ, ಬಡಿದು ಮಾಡಿದವು. 1955ರಲ್ಲಿ ಗೀರಾ ಸಾರಾಭಾಯಿ ಅವರ ಆಹ್ವಾನದ ಮೇಲೆ ಅಹಮದಾಬಾದಿಗೂ ಬಂದು ಕೆಲಸ ಮಾಡಿದ. ದಕ್ಷಿಣ ಆಫ್ರಿಕಾದ ಡರ್ಬನ್ ಸುತ್ತ ಜುಲು ಸಮುದಾಯದ ರಾತ್ರಿ ಕಾವಲುಗಾರರು ಬಣ್ಣದ ಟೆಲಿಫೋನ್ ತಂತಿಯನ್ನು ತಮ್ಮ ಕೋಲುಗಳಿಗೆ ಹೆಣೆಯುತ್ತಿದ್ದರು. ಅದೇ ಹೆಣಿಗೆ ಬುಟ್ಟಿಗಳಾಗಿ ಇಂದು ಜಗತ್ತಿನ ಕಲಾಸಂಗ್ರಹಗಳಲ್ಲಿದೆ. ನಮ್ಮ ಲ್ಯಾನ್ ಕೇಬಲಿನ ಎಳೆಗಳೂ ಆ ತಂತಿಯ ಬಂಧುಗಳೇ.

ಶಾಲೆಗಳಿಗೆ ಇದಕ್ಕೆ ಸಮಯ ಎಲ್ಲಿದೆ ಎನ್ನುವವರು 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನೋಡಬಹುದು. 6ರಿಂದ 8ನೇ ತರಗತಿಯ ನಡುವೆ ಮಕ್ಕಳು ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ಕಲಾವಿದರಂಥ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕೆಂದು ಅದು ಹೇಳುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ಬ್ಯಾಗಿಲ್ಲದ ಸಂಭ್ರಮ ಶನಿವಾರವೂ ಇದೆ. ಒಂದು ಶನಿವಾರ ಊರಿನ ಅಕ್ಕಸಾಲಿಗರೊಬ್ಬರನ್ನು ಶಾಲೆಗೆ ಕರೆಸಿ. ಉಕ್ಕಿನ ಅಚ್ಚಿನ ತೂತುಗಳಲ್ಲಿ ತಂತಿಯನ್ನು ಹಂತಹಂತವಾಗಿ ಎಳೆದು ಸಣ್ಣ ಮಾಡುವುದನ್ನು ಅವರು ತೋರಿಸಿದರೆ, ಮಕ್ಕಳಿಗೆ ಗೇಜ್ ಎನ್ನುವ ಅಂಕಿಯ ಹಿಂದಿನ ಶ್ರಮ ಕಾಣುತ್ತದೆ. ವರ್ಷದ ಕೊನೆಗೆ ಮಕ್ಕಳ ಸಂತೆಯಲ್ಲಿ ಒಂದು ಅಂಗಡಿ ಹಾಕಿಸಿ. ತಂತಿ ಎಷ್ಟು ಗ್ರಾಂ, ಮಣಿ ಎಷ್ಟು, ಮಾಡಲು ಹಿಡಿದ ಹೊತ್ತು ಎಷ್ಟು ಎಂದು ಬರೆದು ಬೆಲೆ ಕಟ್ಟಲಿ. ತಮ್ಮ ಹೊತ್ತಿಗೂ ಬೆಲೆ ಹಾಕಬೇಕು ಎಂದು ಕಲಿತ ಮಗು ಬೇರೆಯವರ ಕೈಕೆಲಸದ ಮುಂದೆ ಸುಮ್ಮನೆ ಚೌಕಾಸಿಗೆ ನಿಲ್ಲುವುದಿಲ್ಲ.

ಶುರು ಮಾಡಲು ದೊಡ್ಡ ತಯಾರಿ ಬೇಡ. ಈ ವಾರ 100 ಗ್ರಾಂ ತಂತಿ, ಎರಡು ಜೊತೆ ಇಕ್ಕಳ ತನ್ನಿ. ಮಕ್ಕಳನ್ನು ಕರೆಯುವ ಮೊದಲು ನೀವೇ ಕೂತು ಕುಣಿಕೆ ಹಾಕಿ. ಸಾಲಾಗಿ ಹತ್ತು ಕುಣಿಕೆ ಒಂದೇ ಅಳತೆಗೆ ಬಂದ ದಿನ ಮಕ್ಕಳನ್ನು ಕರೆಯಿರಿ. ಆ ಹತ್ತು ಕುಣಿಕೆಗಳನ್ನು ಮೇಜಿನ ಮೇಲಿಟ್ಟು, ಇವತ್ತು ಇದೊಂದನ್ನೇ ಕಲಿಯೋಣ ಎಂದು ಪಾಠ ಆರಂಭಿಸಿ.